ಒಲೆ ಬೇರೆ ಮಾಡಬೇಕಾಗಿಲ್ಲ

ಕಳೆದ ಮಳೆಗಾಲದಲ್ಲಿ ಹೊಸನಗರದ ಕಡೆಯ ಒಂದು ಮನೆಯಿಂದ ಅಣ್ಣ, ಅತ್ತಿಗೆ ಇಬ್ಬರೂ ತಮ್ಮನ ವಿಷಯವಾಗಿ ಶಿವಮೊಗ್ಗದ ನನ್ನ ಕಚೇರಿಗೆ ಬಂದಿದ್ದರು. ತಂದೆ ಅಂಚೆ ಇಲಾಖೆಯಲ್ಲಿದ್ದವರು. ತಂದೆ, ತಾಯಿ ಇಬ್ಬರೂ ಈಗಿಲ್ಲ. ತಮ್ಮನಿಗೆ ನಲವತ್ತು ದಾಟಿದೆ, ಹುಟ್ಟಿನಿಂದಲೇ ಬುದ್ಧಿ ಬೆಳವಣಿಗೆ ಕಡಿಮೆ. ಅವನ ಹೆಸರಿಗೆ ಕುಟುಂಬ ಪಿಂಚಣಿ ಆಗಬೇಕಿತ್ತು. ಕಡತದ ಜೊತೆ ಒಂದು ಬಾಡಿಗೆ ಕರಾರು ಇತ್ತು. ಅಡಿಕೆ ಅಂಗಳದ ಪಕ್ಕದ ಕೋಣೆಯನ್ನು ಅಣ್ಣ ತಮ್ಮನಿಗೇ ಬಾಡಿಗೆಗೆ ಕೊಟ್ಟಿರುವುದಾಗಿ ಛಾಪಾಕಾಗದದಲ್ಲಿ ಬರೆಸಿದ್ದರು. ಒಂದು ಒಲೆಯನ್ನೂ ಅಲ್ಲಿಟ್ಟಿದ್ದರಂತೆ.

"ಒಟ್ಟಿಗಿದ್ರೆ ಬರಲ್ಲ ಅಂದ್ರು ಸರ್," ಎಂದರು ಅಣ್ಣ. ಅತ್ತಿಗೆ ಕಣ್ಣೊರೆಸಿಕೊಂಡರು. "ಊಟದ ಹೊತ್ತಿಗೆ ಅಡುಗೆಮನೆ ಬಾಗಿಲಿಗೆ ಬಂದು ನಿಲ್ತಾನೆ. ಹೋಗು ಅಂತ ಹೇಗೆ ಹೇಳೋದು?"

ಇಂಥ ಕರಾರುಗಳನ್ನು ನಾನು ಸಾಗರದವರ ಕೈಯಲ್ಲೂ ನೋಡಿದ್ದೇನೆ, ತೀರ್ಥಹಳ್ಳಿಯವರ ಕೈಯಲ್ಲೂ ನೋಡಿದ್ದೇನೆ. ಪ್ರತಿ ಸಲ ಸಿಟ್ಟು ಬರುತ್ತದೆ. ಸಿಟ್ಟು ಆ ಮನೆಯವರ ಮೇಲಲ್ಲ, ಹಾಗೆ ಹೇಳಿಕೊಟ್ಟವರ ಮೇಲೆ.

ಗೊಂದಲ ಹುಟ್ಟುವುದು ಎರಡು ಬೇರೆ ಬೇರೆ ಹಣವನ್ನು ಒಂದೇ ಎಂದುಕೊಳ್ಳುವುದರಿಂದ. ನಾಡಕಚೇರಿಯಲ್ಲಿ ಅರ್ಜಿ ಹಾಕುವ ವಿಕಲಚೇತನರ ಮಾಸಾಶನ ಬಡತನಕ್ಕೆ ಕೊಡುವ ನೆರವು. ಅಲ್ಲಿ ಶೇ. 40 ವೈಕಲ್ಯದ ಜೊತೆಗೆ ಕುಟುಂಬದ ಆದಾಯ ಪ್ರಮಾಣಪತ್ರವನ್ನೂ ಕೇಳುತ್ತಾರೆ. ಕುಟುಂಬ ಪಿಂಚಣಿ ಹಾಗಲ್ಲ, ಅದು ತಂದೆಯ ಸೇವೆಯಿಂದ ಬಂದ ಹಕ್ಕು. ಅದು ಮನೆಯ ಆದಾಯ ನೋಡುವುದಿಲ್ಲ, ಆ ವ್ಯಕ್ತಿಯ ಸ್ವಂತ ಆದಾಯವನ್ನಷ್ಟೇ ನೋಡುತ್ತದೆ. ಅಣ್ಣ ಎಷ್ಟು ಕ್ವಿಂಟಲ್ ಅಡಿಕೆ ಮಾರಿದರೂ, ತಮ್ಮ ಅದೇ ಮನೆಯಲ್ಲಿ ಉಂಡು ಮಲಗಿದರೂ ಪಿಂಚಣಿಯಿಂದ ಒಂದು ರೂಪಾಯಿ ಕಡಿತವಾಗುವುದಿಲ್ಲ.

ಸ್ವಂತ ಆದಾಯದ ಮಿತಿಯೂ 2021ರ ಫೆಬ್ರುವರಿಯಲ್ಲಿ ಸಡಿಲವಾಗಿದೆ. ಮೊದಲು 9,000 ರೂಪಾಯಿ ಮತ್ತು ಅದರ ತುಟ್ಟಿಭತ್ಯೆ ದಾಟುವಂತಿರಲಿಲ್ಲ. ಈಗ ಅವರಿಗೆ ಸಲ್ಲಬೇಕಾದ ಕುಟುಂಬ ಪಿಂಚಣಿ ಎಷ್ಟೋ ಅದಕ್ಕಿಂತ ಕಡಿಮೆ ಇದ್ದರೆ ಸಾಕು. ತಂದೆಯ ಕೊನೆಯ ಮೂಲವೇತನ 40,000 ಇತ್ತೆನ್ನಿ. ಅದರ ಶೇ. 30 ಎಂದರೆ 12,000, ಮೇಲೆ ತುಟ್ಟಿಭತ್ಯೆ. ತಮ್ಮನ ಸ್ವಂತ ತಿಂಗಳ ಆದಾಯ ಅದರೊಳಗಿದ್ದರೆ ಅರ್ಹ. ಇದು ಕೇಂದ್ರದ ನಿಯಮ. ರಾಜ್ಯ ಸರ್ಕಾರಿ ನೌಕರರಿಗೆ ಬೇರೆ ನಿಯಮಗಳಿವೆ, ಎರಡನ್ನೂ ಬೆರೆಸಬೇಡಿ.

ನಿಜವಾಗಿ ಎಚ್ಚರ ಬೇಕಾದ್ದು ಹಿಸ್ಸೆಯ ಹೊತ್ತಿನಲ್ಲಿ. ಪಾಪ, ಅವನಿಗೂ ಇರಲಿ ಎಂದು ತೋಟದ ದೊಡ್ಡ ಭಾಗವನ್ನೋ ಬ್ಯಾಂಕಿನ ಠೇವಣಿಯನ್ನೋ ಅವನ ಹೆಸರಿಗೆ ಬರೆಯುತ್ತಾರೆ. ಆ ಬಡ್ಡಿ, ಆ ಫಸಲು ಅವನ ಸ್ವಂತ ಆದಾಯವೆಂದು ಲೆಕ್ಕಕ್ಕೆ ಬರಬಹುದು. ಬರೆಯಬಾರದು ಎನ್ನುತ್ತಿಲ್ಲ. ಬರೆಯುವ ಮೊದಲು ಲೆಕ್ಕ ಹಾಕಿಸಿ.

ಸುಳ್ಳು ಕರಾರಿನಿಂದ ಇನ್ನೊಂದು ತೊಂದರೆಯೂ ಇದೆ. ದುಡಿಮೆಯಿಲ್ಲ ಎಂದು ವರ್ಷಕ್ಕೊಮ್ಮೆ ಬ್ಯಾಂಕಿಗೆ ಬರೆದುಕೊಡಬೇಕು, ಇಂಥವನ ಪರವಾಗಿ ಬರೆದುಕೊಡುವವರು ಪೋಷಕರು, ಅಂದರೆ ಅವನನ್ನು ನೋಡಿಕೊಳ್ಳುವ ಹೊಣೆ ಹೊತ್ತವರು. ಬೇರೆ ಮನೆ, ಬೇರೆ ಒಲೆ ಎಂದು ಕಾಗದ ಮಾಡಿ, ಬಾಡಿಗೆ ವಸೂಲಿ ಮಾಡುವ ಅಣ್ಣನೇ ಪೋಷಕನೆಂದು ಬಂದು ನಿಂತರೆ ಯಾರಿಗಾದರೂ ಅನುಮಾನ ಬರುತ್ತದೆ.

ಇಂಥ ಮಕ್ಕಳಿರುವ ತಂದೆ ತಾಯಿಗೆ ಒಂದು ಮಾತು. ಮಗುವಿನ ಹೆಸರನ್ನು ಈಗಲೇ ಪಿಂಚಣಿ ಪಾವತಿ ಆದೇಶದಲ್ಲಿ ಸೇರಿಸಿ. ಪೋಷಕರು ಯಾರೆಂದು ನಾಮನಿರ್ದೇಶನ ಮಾಡಿ. ವೈಕಲ್ಯದ ವೈದ್ಯಕೀಯ ಪ್ರಮಾಣಪತ್ರ ಮಾಡಿಸಿಡಿ, ಶಾಶ್ವತ ವೈಕಲ್ಯವಾದರೆ ಒಂದೇ ಸಲ ಸಾಕು. ನೀವು ಹೋದ ಮೇಲೆ, ವೈಕಲ್ಯ ನೀವಿದ್ದಾಗಲೇ ಇತ್ತೆಂದು ತೋರಿಸಲು ಉಳಿದವರು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಆ ದಿನ ಕರಾರನ್ನು ಕಡತದಿಂದ ತೆಗೆಸಿದೆ. ಪಿಂಚಣಿ ಮಂಜೂರಾಗಲು ಏಳು ತಿಂಗಳು ಹಿಡಿಯಿತು. ಕೋಣೆಯ ಒಲೆಯನ್ನು ಮಾತ್ರ ಅತ್ತಿಗೆ ಊರಿಗೆ ಮರಳಿದ ಸಂಜೆಯೇ ಎತ್ತಿಸಿದರಂತೆ.