ಗುಮ್ಮಟಕ್ಕೆ ಹಿಡಿದ ಹಸಿರು ಕಿಲುಬು: ತಾಮ್ರದ ಚಾವಣಿ ಹೇಗೆ ಬಾಳುತ್ತದೆ

ಬರ್ಲಿನ್ ಕೆಥೆಡ್ರಲ್‌ನ ಗುಮ್ಮಟಕ್ಕಾಗಲಿ, ಒಟ್ಟಾವಾದ ಸಂಸತ್ ಭವನದ ಚಾವಣಿಗಾಗಲಿ ಯಾರೂ ಹಸಿರು ಬಣ್ಣ ಬಳಿದಿಲ್ಲ. ಅಲ್ಲಿ ಹೊದಿಸಿರುವುದು ತಾಮ್ರದ ತಗಡು. ನಮಗೆ ಕಾಣುವ ಹಸಿರು ಅದಕ್ಕೆ ಹಿಡಿದ ಕಿಲುಬು. ಹಾಗೆಂದು ಹಸಿರಿದ್ದದ್ದೆಲ್ಲ ತಾಮ್ರವೂ ಅಲ್ಲ: ಮದೀನಾದ ಹಸಿರು ಗುಮ್ಮಟಕ್ಕೆ 1837ರಲ್ಲಿ ಆ ಬಣ್ಣ ಬಳಿಯಲಾಯಿತು.

ಕಿಲುಬನ್ನು ತುಕ್ಕಿನೊಂದಿಗೆ ಬೆರೆಸಬೇಡಿ. ಕಲಿಯುವವರು ಮೊದಲು ಎಡವುವುದೇ ಇಲ್ಲಿ. ಕಬ್ಬಿಣದ ತುಕ್ಕು ಸಡಿಲ. ಅದು ಉಬ್ಬಿ ಹಕ್ಕಳೆಯಾಗಿ ಉದುರುತ್ತದೆ, ಅಡಿಯ ಲೋಹ ಮತ್ತೆ ಗಾಳಿಗೆ ಒಡ್ಡಿಕೊಳ್ಳುತ್ತದೆ. ತಾಮ್ರದ ಕಿಲುಬು ಲೋಹಕ್ಕೆ ಕಚ್ಚಿಕೊಂಡು ಕೂರುತ್ತದೆ. ತಾನು ಬೆಳೆದಷ್ಟೂ ಒಳಗಿನ ತಾಮ್ರಕ್ಕೆ ನೀರು ಮತ್ತು ಆಮ್ಲಜನಕ ತಲುಪುವುದನ್ನು ನಿಧಾನಗೊಳಿಸುತ್ತದೆ.

ಹೊಸ ತಗಡು ಕೆಲವು ತಿಂಗಳಲ್ಲೇ ಹೊಳಪು ಕಳೆದುಕೊಂಡು ಕಂದಾಗುತ್ತದೆ. ಆ ಕಂದು ಪದರ ಮುಖ್ಯವಾಗಿ ಕ್ಯುಪ್ರಸ್ ಆಕ್ಸೈಡ್. ಖನಿಜವಾಗಿ ಅದರ ಹೆಸರು ಕ್ಯುಪ್ರೈಟ್. ಮುಂದೆ ಬಣ್ಣ ಗಾಢವಾಗುತ್ತ ಕಪ್ಪಿನತ್ತ ಸರಿಯುತ್ತದೆ. ಹಸಿರು ಬರುವುದು ಆಮೇಲೆ. ಅದು ಯಾವ ಸಂಯುಕ್ತ ಎಂದು ಕೇಳಿದರೆ ಶಾಲೆಯಲ್ಲಿ ಕಲಿತ ಉತ್ತರ ‘ಕಾಪರ್ ಕಾರ್ಬೊನೇಟ್’. ತೆರೆದ ಚಾವಣಿಯ ಮಟ್ಟಿಗೆ ಇದು ಸಾಲದು. ಕಾರ್ಬೊನೇಟ್ ಆಮ್ಲಕ್ಕೆ ಕರಗುವಂಥದ್ದು, ಮಳೆನೀರೋ ಸಹಜವಾಗಿಯೇ ತುಸು ಆಮ್ಲೀಯ. ಹೀಗಾಗಿ ನಗರದ ಚಾವಣಿಯಲ್ಲಿ ಉಳಿದು ಬೆಳೆಯುವುದು ಹೆಚ್ಚಾಗಿ ಬ್ರೊಕಾಂಟೈಟ್ ಎಂಬ ಪ್ರತ್ಯಾಮ್ಲೀಯ ಸಲ್ಫೇಟ್. ಅದರ ಸೂತ್ರವನ್ನು ಬಾಯಿಪಾಠ ಮಾಡಬೇಕಿಲ್ಲ, ವಿದ್ಯುದಂಶ ಎಣಿಸಿದರೆ ಸಾಕು: ನಾಲ್ಕು ತಾಮ್ರದ ಅಯಾನುಗಳಿಗೆ (ವಿದ್ಯುದಂಶ ಹೊತ್ತ ಕಣಗಳಿಗೆ) ತಲಾ ಎರಡರಂತೆ ಎಂಟು ಧನ, ಒಂದು ಸಲ್ಫೇಟ್‌ಗೆ ಎರಡು, ಆರು ಹೈಡ್ರಾಕ್ಸೈಡ್‌ಗಳಿಗೆ ಆರು, ಒಟ್ಟು ಎಂಟು ಋಣ. ಗಂಧಕ ಬರುವುದು ಕಲ್ಲಿದ್ದಲು ಮತ್ತು ಎಣ್ಣೆ ಸುಟ್ಟ ಹೊಗೆಯ ಸಲ್ಫರ್ ಡೈಆಕ್ಸೈಡ್‌ನಿಂದ. ಕಡಲ ತೀರದಲ್ಲಿ ಉಪ್ಪಿನ ಗಾಳಿಯಿಂದ ಕ್ಲೋರೈಡ್ ಸೇರಿ ಅಟಕಮೈಟ್ ಎಂಬ ತಾಮ್ರದ ಕ್ಲೋರೈಡ್ ಖನಿಜ ಕೂಡ ಕಾಣಿಸಿಕೊಳ್ಳುತ್ತದೆ.

ಹಸಿರಾಗಲು ಎಷ್ಟು ಕಾಲ ಬೇಕು ಎಂಬುದಕ್ಕೆ ಒಂದೇ ಉತ್ತರವಿಲ್ಲ. ಕಡಲ ತೀರ ಅಥವಾ ಕೈಗಾರಿಕಾ ಪ್ರದೇಶದಲ್ಲಿ 5ರಿಂದ 10 ವರ್ಷ ಸಾಕಾಗಬಹುದು, ಶುದ್ಧ ಗಾಳಿಯ ಹಳ್ಳಿಗಾಡಿನಲ್ಲಿ 30 ವರ್ಷ ಹಿಡಿದೀತು. ಒಣ ಹವೆಯಲ್ಲಿ ಕಂದಾಗಿಯೇ ಉಳಿಯುವುದೂ ಉಂಟು. ಒಂದೇ ಕಟ್ಟಡದಲ್ಲೂ ವ್ಯತ್ಯಾಸವಿರುತ್ತದೆ: ಇಳಿಜಾರಿನಲ್ಲಿ ತೇವ ಹೆಚ್ಚು ಹೊತ್ತು ನಿಲ್ಲುವುದರಿಂದ ಬೇಗ ಹಸಿರು, ನೆಟ್ಟಗಿನ ಮೈಯಲ್ಲಿ ನೀರು ಜಾರಿಹೋಗುವುದರಿಂದ ತಡ. ಮಳೆ ತಾಗದ ಸೂರಿನ ಅಡಿಭಾಗ ಕಂದಾಗಿಯೇ ಇರುತ್ತದೆ. ಬಣ್ಣವೋ ಕಿಲುಬೋ ಎಂದು ದೂರದಿಂದಲೇ ಗುರುತಿಸಲು ಇದು ಒಳ್ಳೆಯ ಸುಳಿವು.

ಗುಮ್ಮಟಕ್ಕೆ ತಾಮ್ರವೇ ಏಕೆ? ತೂಕ ನೋಡಿ. 0.7 ಮಿ.ಮೀ. ದಪ್ಪದ ತಾಮ್ರ ಚದರ ಮೀಟರಿಗೆ ಸುಮಾರು 6.3 ಕೆ.ಜಿ. ತೂಗುತ್ತದೆ, 1.8 ಮಿ.ಮೀ. ಸೀಸವಾದರೆ 20 ಕೆ.ಜಿ. ದಾಟುತ್ತದೆ. ಸೀಸ ತನ್ನ ಭಾರಕ್ಕೇ ನಿಧಾನವಾಗಿ ಜಗ್ಗುತ್ತದೆ ಕೂಡ. ತಾಮ್ರವನ್ನು ತೆಳ್ಳಗೆ ತಟ್ಟಿ ವಕ್ರ ಮೈಗೆ ಒಗ್ಗಿಸಬಹುದು.

ಹೊದಿಸುವಾಗ ತಗಡಿಗೆ ನೇರವಾಗಿ ಮೊಳೆ ಹೊಡೆಯಬಾರದು. ಮೊಳೆ ಬೀಳಬೇಕಾದದ್ದು ಕ್ಲಿಪ್ಪಿಗೆ. ಕ್ಲಿಪ್ಪಿನ ತುದಿ ಎರಡು ತಗಡುಗಳ ಅಂಚಿನ ಮಡಿಕೆಯೊಳಗೆ ಸೇರಿಕೊಳ್ಳುತ್ತದೆ. ಕಾರಣ ಹಿಗ್ಗುವಿಕೆ: 3 ಮೀಟರ್ ತಗಡು 60 ಡಿಗ್ರಿ ಬಿಸಿ ಏರಿದರೆ ಸುಮಾರು 3 ಮಿ.ಮೀ. ಉದ್ದವಾಗುತ್ತದೆ. ಬಿಗಿಯಾಗಿ ಕಟ್ಟಿಹಾಕಿದರೆ ದಿನವೂ ಹಿಗ್ಗಿ ಕುಗ್ಗಿ ಕೊನೆಗೆ ಬೆಸುಗೆಯ ಬಳಿ ಸೀಳುತ್ತದೆ. ಮೊಳೆಯೂ ತಾಮ್ರದ್ದೇ ಅಥವಾ ಕಂಚಿನದೇ ಆಗಿರಬೇಕು. ತಾಮ್ರಕ್ಕೆ ತಾಗಿದ ಕಬ್ಬಿಣ ತೇವದಲ್ಲಿ ತಾನೇ ಸವೆಯುತ್ತದೆ.

ನ್ಯೂಯಾರ್ಕಿನ ಲಿಬರ್ಟಿ ಪ್ರತಿಮೆಯಲ್ಲಿ ಆದದ್ದು ಇದೇ. 1886ರಲ್ಲಿ ಉದ್ಘಾಟನೆಯಾದ ಆ ಪ್ರತಿಮೆಯಲ್ಲಿ ತಾಮ್ರದ ಚರ್ಮಕ್ಕೂ ಕಬ್ಬಿಣದ ಪಟ್ಟಿಗಳಿಗೂ ನಡುವೆ ಅರಗಿನಲ್ಲಿ ತೋಯಿಸಿದ ಕಲ್ನಾರನ್ನು (ಆಸ್ಬೆಸ್ಟಾಸ್) ಇಟ್ಟಿದ್ದರು. ಆ ತಡೆ ಕಾಲಕ್ರಮೇಣ ಹಾಳಾಯಿತು. ತುಕ್ಕು ಉಬ್ಬಿ ಪಟ್ಟಿಗಳನ್ನು ಹಿಡಿದಿದ್ದ ರಿವೆಟ್‌ಗಳನ್ನೇ ಕಿತ್ತಿತು. 1980ರ ದಶಕದ ದುರಸ್ತಿಯಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿ ಹಾಕಿ ನಡುವೆ ಟೆಫ್ಲಾನ್ ಕೊಟ್ಟರು. ಕೆಟ್ಟಿದ್ದು ಕಬ್ಬಿಣವೇ, 2.4 ಮಿ.ಮೀ. ದಪ್ಪದ ತಾಮ್ರ ನೂರು ವರ್ಷದಲ್ಲಿ ಕಳೆದುಕೊಂಡಿದ್ದು ಸುಮಾರು 0.1 ಮಿ.ಮೀ. ಮಾತ್ರ.

ತಾಮ್ರದಿಂದ ಇಳಿಯುವ ನೀರಿನ ಮೇಲೂ ಕಣ್ಣಿರಲಿ. ಅದರಲ್ಲಿ ತಾಮ್ರದ ಅಯಾನುಗಳಿರುತ್ತವೆ. ಕೆಳಗೆ ಸತು ಲೇಪಿಸಿದ ಉಕ್ಕಿನ ಅಥವಾ ಅಲ್ಯೂಮಿನಿಯಂನ ಮಳೆನೀರಿನ ದೋಣಿ ಇದ್ದರೆ ತೂತು ಬೀಳುತ್ತದೆ, ಬಿಳಿ ಕಲ್ಲಿದ್ದರೆ ಹಸಿರು ಗೆರೆ ಮೂಡುತ್ತದೆ.

ಇನ್ನು, ಹಳೆಯ ಚಾವಣಿಯನ್ನು ಉಜ್ಜಿ ಹೊಳೆಯಿಸುವ ಆಸೆ ಬೇಡವೇ ಬೇಡ. ದಶಕಗಳಲ್ಲಿ ಕಟ್ಟಿಕೊಂಡ ರಕ್ಷಣೆ ಹೋಗುತ್ತದೆ, ಹೊಸ ಪದರ ಕಟ್ಟಲು ಮತ್ತಷ್ಟು ಲೋಹ ಕರಗುತ್ತದೆ. ಪರಿಶೀಲನೆಗೆ ಹತ್ತಿದಾಗ ಹಸಿರನ್ನು ಕಂಡು ಗಾಬರಿಯಾಗಬೇಡಿ. ಎರಡು ಇಳಿಜಾರು ಕೂಡುವ ತಗ್ಗಿನಲ್ಲಿ, ಮೇಲಿನ ಹೆಂಚಿನಿಂದ ಒಂದೇ ಜಾಗಕ್ಕೆ ಹನಿ ಬೀಳುವಲ್ಲಿ, ಹೊಳೆಯುವ ತಾಮ್ರದ ಚುಕ್ಕೆಗಳಿವೆಯೇ ನೋಡಿ. ಅಲ್ಲಿ ಆಮ್ಲೀಯ ಹನಿ ಪದರವನ್ನು ಕಟ್ಟಲು ಬಿಡದೆ ತೊಳೆಯುತ್ತಿರುತ್ತದೆ. ಮೊದಲು ತೂತು ಬೀಳುವುದು ಆ ಚುಕ್ಕೆಯಲ್ಲೇ.