ನಗುತ್ತಾ ಕೊಟ್ಟಳೋ, ನಕ್ಕು ಕೊಟ್ಟಳೋ?

‘ಮೀನಿನ ಅಕ್ಕ ನಗುತ್ತಾ ಎರಡು ಬಂಗಡೆ ಹೆಚ್ಚಿಗೆ ಹಾಕಿದಳು.’ ಕಾರವಾರದ ಮೀನುಪೇಟೆಯ ಈ ಸಾದಾ ವಾಕ್ಯವನ್ನು ಇಂಗ್ಲಿಷಿಗೆ ತರಲು ಹೇಳಿ. ಪಿಯುಸಿ ಮಕ್ಕಳು ಎಷ್ಟೋ ಸಲ ‘ಬೈ ಲಾಫಿಂಗ್’ ಎಂದು ಶುರುಮಾಡುತ್ತಾರೆ. ಎರಡು ಪದ, ಎರಡೂ ತಪ್ಪು.

ನಮ್ಮ ‘ನಗು’ವಿನೊಳಗೆ ತುಟಿಯಂಚಿನ ನಗೆಯೂ ಇದೆ, ಹೊಟ್ಟೆ ಹಿಡಿದುಕೊಂಡು ನಗುವ ನಗೆಯೂ ಇದೆ. ಇಂಗ್ಲಿಷಿನಲ್ಲಿ ಸದ್ದಿಲ್ಲದ್ದು ಸ್ಮೈಲ್, ಸದ್ದಿದ್ದರೆ ಲಾಫ್. ಇನ್ನು ‘ಬೈ’ ಹಾಕಿದರೆ ನಗುವೇ ಸಾಧನವಾಗುತ್ತದೆ, ನಗುವಿನಿಂದಲೇ ಮೀನು ಹಾಕಿದಳು ಎಂದ ಹಾಗೆ. ಬರೀ ‘ಸ್ಮೈಲಿಂಗ್’ ಸಾಕು. ‘ಸ್ಮೈಲಿಂಗ್ಲಿ’ ವ್ಯಾಕರಣಕ್ಕೆ ತಪ್ಪಲ್ಲ, ಕಿವಿಗೆ ಹಳತು.

‘ನಗುತ್ತಾ’ ಎಂದರೆ ಎರಡು ಕ್ರಿಯೆ ಒಟ್ಟಿಗೆ ನಡೆದಿವೆ: ಸ್ಮೈಲಿಂಗ್. ‘ನಕ್ಕು’ ಎಂದಾಗ ಹೆಚ್ಚಾಗಿ ಒಂದರ ಹಿಂದೆ ಒಂದು: ‘ಶಿ ಸ್ಮೈಲ್ಡ್ ಆ್ಯಂಡ್ ಓಪನ್ಡ್ ದ ಡೋರ್’. ಮಕ್ಕಳು ಎಡವುವುದು ಇಲ್ಲಿ. ‘ನಕ್ಕು ತೆರೆದಳು’, ‘ನಕ್ಕು ತೆರೆಯುತ್ತಾಳೆ’, ಎರಡರಲ್ಲೂ ‘ನಕ್ಕು’ ಬದಲಾಗುವುದಿಲ್ಲ. ಕಾಲವೆಲ್ಲ ಕೊನೆಯ ಕ್ರಿಯಾಪದದ ಮೇಲೆ. ಆ ರೂಢಿಯಲ್ಲೇ ‘ಸ್ಮೈಲ್ ಆ್ಯಂಡ್ ಓಪನ್ಡ್’ ಎಂದು ಬರೆದುಬಿಡುತ್ತಾರೆ. ಇಂಗ್ಲಿಷಿನಲ್ಲಿ ‘ಆ್ಯಂಡ್’ನ ಎರಡೂ ಕಡೆ ಕಾಲಸೂಚಕ ಬೇಕು.

ಅಲ್ಪವಿರಾಮವನ್ನು ಹಗುರಾಗಿ ತೆಗೆದುಕೊಳ್ಳಬೇಡಿ. ‘ಶಿ ವಾಚ್ಡ್ ದ ಬಾಯ್ ಸ್ಮೈಲಿಂಗ್’ ಎಂದರೆ ನಗುತ್ತಿರುವವನು ಹುಡುಗ. ‘ಬಾಯ್’ ನಂತರ ಅಲ್ಪವಿರಾಮ ಬಿತ್ತೋ, ನಗು ಅವಳದು.

ಕರ್ಮಣಿ ಪ್ರಯೋಗಕ್ಕೆ ಹೋದಾಗ ಇನ್ನೊಂದು ಅಪಾಯ. ‘ಸ್ಮೈಲಿಂಗ್, ದ ಟಿಕೆಟ್ ವಾಸ್ ಗಿವನ್ ಬೈ ದ ಕಂಡಕ್ಟರ್’ ಎಂದರೆ ನಕ್ಕಿದ್ದು ಟಿಕೆಟು. ಇದನ್ನು ಹಿಡಿಯಲು ನಿಯಮ ಉರುಹೊಡೆಯಬೇಕಿಲ್ಲ. ‘ನಗುತ್ತಾ ಟಿಕೆಟು ಕೊಡಲ್ಪಟ್ಟಿತು’ ಎಂದು ಕನ್ನಡದಲ್ಲಿ ಹೇಳಿನೋಡಿ, ಕಿವಿಯೇ ಬೇಡ ಅನ್ನುತ್ತದೆ. ನಗುವವರು ಯಾರೋ ಅವರೇ ಕೊಡುವವರೂ ಆಗಿರಬೇಕೆಂಬುದು ಎರಡೂ ಭಾಷೆಯ ಕಟ್ಟಳೆ.

ನಗು ಎಂಥದ್ದೆಂದು ಹೇಳಬೇಕಿದ್ದರೆ ನಾಮಪದವೇ ಅನುಕೂಲ. ‘ವಿತ್ ಎ ಟಯರ್ಡ್ ಸ್ಮೈಲ್’, ದಣಿದ ನಗೆಯೊಂದಿಗೆ. ನಮ್ಮಲ್ಲಿ ಆರ್ಟಿಕಲ್ ಇಲ್ಲದ್ದರಿಂದ ಆ ‘ಎ’ ಬಿಟ್ಟುಹೋಗಿ ‘ವಿತ್ ಸ್ಮೈಲ್’ ಆಗುತ್ತದೆ. ಪತ್ರಿಕೆ ತಿದ್ದುವಾಗ ಪದೇಪದೇ ಸಿಗುವ ತಪ್ಪು ಇದು.

‘ನನ್ನನ್ನು ನೋಡಿ ನಕ್ಕಳು’ ಎಂಬಲ್ಲಿ ಹೆಚ್ಚಿನ ಎಚ್ಚರ ಬೇಕು. ‘ಸೀಯಿಂಗ್ ಮಿ ಶಿ ಲಾಫ್ಡ್’ ಅಲ್ಲ, ನಮ್ಮ ‘ನೋಡಿ’ಯ ಕೆಲಸವನ್ನು ಅಲ್ಲಿ ‘ಆ್ಯಟ್’ ಮಾಡುತ್ತದೆ: ‘ಶಿ ಸ್ಮೈಲ್ಡ್ ಆ್ಯಟ್ ಮಿ’. ಇಲ್ಲಿ ಸ್ಮೈಲ್ ಬದಲು ಲಾಫ್ ಹಾಕಿದರೆ ಅವಳು ಗೇಲಿ ಮಾಡಿದಳು ಎಂದಾಗುತ್ತದೆ. ಗೋಕರ್ಣದ ಹೋಂಸ್ಟೇಯವರು ಅತಿಥಿಯ ಬಗ್ಗೆ ‘ವಿ ಲಾಫ್ಡ್ ಆ್ಯಟ್ ಹಿಮ್’ ಎಂದು ಬರೆದರೆ ಆದರವೇ ಅವಮಾನವಾಗಿ ಓದಿಸಿಕೊಳ್ಳುತ್ತದೆ.

‘ಶಿ ಸ್ಮೈಲ್ಡ್ ಹರ್ ಥ್ಯಾಂಕ್ಸ್’ ಎಂಬುದೂ ಉಂಟು, ನಗೆಯಲ್ಲೇ ಕೃತಜ್ಞತೆ ಹೇಳಿದಳು ಎಂದು. ಕಥೆಗೆ ಚೆಂದ, ಪರೀಕ್ಷೆಯಲ್ಲಿ ಬೇಡ.

‘ನಗದೆ ಇರಲಾಗಲಿಲ್ಲ’ ಎನ್ನಲು ‘ಕುಡಂಟ್ ಹೆಲ್ಪ್ ಸ್ಮೈಲಿಂಗ್’. ಅಲ್ಲಿ ‘ಟು ಸ್ಮೈಲ್’ ಬರುವುದಿಲ್ಲ. ‘ಸ್ಟಾಪ್’ ಜೊತೆ ಎರಡೂ ಬರುತ್ತವೆ, ಅರ್ಥ ಮಾತ್ರ ತಿರುಗುತ್ತದೆ: ‘ಸ್ಟಾಪ್ಡ್ ಸ್ಮೈಲಿಂಗ್’ ಎಂದರೆ ನಗು ನಿಂತಿತು, ‘ಸ್ಟಾಪ್ಡ್ ಟು ಸ್ಮೈಲ್’ ಎಂದರೆ ನಗಲೆಂದೇ ಅವಳು ಕೈಯಲ್ಲಿದ್ದ ಕೆಲಸ ನಿಲ್ಲಿಸಿದಳು.