ಜಿಂಕೆ ಹೆಚ್ಚಾದರೆ ಹೊಡೆಯುವವರು ಯಾರು?

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿರುವ ಚಿಕ್ಕಪ್ಪನ ಮಗ ಕಳೆದ ಸಲ ಬೆಂಗಳೂರಿಗೆ ಬಂದಾಗ ಮಕ್ಕಳನ್ನು ಕಟ್ಟಿಕೊಂಡು ಬನ್ನೇರುಘಟ್ಟದ ಸಫಾರಿ ಬಸ್ ಹತ್ತಿದೆವು. ಜಾಲರಿಯಾಚೆ ಚುಕ್ಕೆ ಜಿಂಕೆಗಳ ಹಿಂಡು ಕಂಡು ಬಸ್ಸಿಗೆ ಬಸ್ಸೇ ಮುದ್ದುಗರೆಯುತ್ತಿರುವಾಗ ಇವನು, ‘ನವೆಂಬರಲ್ಲಿ ಬೇಟೆ ಶುರುವಾದ್ರೆ ನಮ್ ಪಕ್ಕದ್ಮನೆಯೋನು ಜಿಂಕೆ ಸಾಸೇಜ್ ತಂದುಕೊಡ್ತಾನೆ’ ಅಂದ. ಮುಂದಿನ ಸೀಟಿನ ಅಜ್ಜಿ ತಿರುಗಿ ನೋಡಿದ ನೋಟಕ್ಕೆ ಮತ್ತೆ ಬಾಯಿ ಬಿಡಲಿಲ್ಲ.

ಆ ಸಾಸೇಜಿಗೆ ನೂರು ವರ್ಷಕ್ಕೂ ಮೀರಿದ ಕಥೆಯಿದೆ. 1900ರ ಹೊತ್ತಿಗೆ ಅಮೆರಿಕದಲ್ಲಿ ಬಿಳಿಬಾಲದ ಜಿಂಕೆ ಉಳಿದದ್ದು 5 ಲಕ್ಷದ ಆಸುಪಾಸು ಎಂಬುದು ಅಂದಾಜು. ಹೊಡೆದು ಹೊಡೆದು ಮಾಂಸ ಮಾರಿದ್ದರ ಫಲ. ಆಮೇಲೆ ಕಾನೂನು ಬಿಗಿಯಾಯಿತು. 1937ರಲ್ಲಿ ಬಂದೂಕು, ತೋಟಾಗಳ ಮೇಲಿನ ತೆರಿಗೆಯನ್ನು ವನ್ಯಜೀವಿಗಳ ಪಾಲನೆಗೇ ಮೀಸಲಿಟ್ಟರು. ಜಿಂಕೆ ಮರಳಿತು. ಆದರೆ ಅದನ್ನು ತಿನ್ನುತ್ತಿದ್ದ ತೋಳವನ್ನು ಅಷ್ಟರಲ್ಲಿ ಬಹುಪಾಲು ರಾಜ್ಯಗಳಲ್ಲಿ ಕೊಂದು ಮುಗಿಸಿದ್ದರು. ಈಗ ಸುಮಾರು 3 ಕೋಟಿ ಜಿಂಕೆ. ಕಾಡಿನಲ್ಲಿ ಎಳೆ ಸಸಿ ಮೇಲೇಳುವುದಿಲ್ಲ, ಹೆದ್ದಾರಿಯಲ್ಲಿ ಕಾರಿಗೆ ಅಡ್ಡ ಬರುವುದು ತಪ್ಪುವುದಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಕೊಂಬಿನ ಗಂಡನ್ನು ಎಷ್ಟು ಹೊಡೆದರೂ ಸಂಖ್ಯೆ ಇಳಿಯದು. ಉಳಿದ ಒಂದೇ ಗಂಡು ಹತ್ತಾರು ಹೆಣ್ಣುಗಳಿಗೆ ಸಾಕು. ಮುಂದಿನ ವರ್ಷವೂ ಮರಿಗಳ ಲೆಕ್ಕ ಅಷ್ಟೇ ಇರುತ್ತದೆ. ಹಾಗಾಗಿ ಅಲ್ಲಿನ ಇಲಾಖೆಗಳು ಪ್ರದೇಶವಾರು ಲೆಕ್ಕ ಹಾಕಿ ಹೆಣ್ಣು ಜಿಂಕೆಗೆಂದೇ ಪ್ರತ್ಯೇಕ ‘ಟ್ಯಾಗ್’, ಅಂದರೆ ಒಂದು ಜಿಂಕೆ ಹೊಡೆಯುವ ಪರವಾನಗಿ ಚೀಟಿ, ಕೊಡುತ್ತವೆ. ಬೇಟೆಗಾರರನ್ನು ಇದಕ್ಕೆ ಒಪ್ಪಿಸುವುದೇ ದೊಡ್ಡ ಕೆಲಸವಾಗಿತ್ತು. ಗೋಡೆಗೆ ನೇತುಹಾಕಲು ಕೊಂಬಿಲ್ಲವಲ್ಲ!

ನಮ್ಮ ಷಿಕಾರಿಯ ದಾರಿಯೇ ಬೇರೆ. ಮೈಸೂರು ಮಹಾರಾಜರ ಬೇಟೆಕಾಡಿನಲ್ಲೇ 1931ರಲ್ಲಿ ವೇಣುಗೋಪಾಲ ವನ್ಯಧಾಮ ಶುರುವಾಗಿ, ಮುಂದೆ ಅದು ಬಂಡೀಪುರವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೂಡ ಲೈಸೆನ್ಸ್ ಪಡೆದ ಬೇಟೆಗೆ ಸಣ್ಣ ಕಿಂಡಿ ಬಿಟ್ಟಿತ್ತು. 1991ರ ತಿದ್ದುಪಡಿ ಅದನ್ನೂ ಮುಚ್ಚಿತು. ವಿಚಿತ್ರವೆಂದರೆ, ಜಿಂಕೆಯ ಲೆಕ್ಕವನ್ನು ಹತೋಟಿಯಲ್ಲಿಡುವ ಕಾಡುನಾಯಿಯನ್ನು ಕೊಂದವರಿಗೆ 1972ರವರೆಗೂ ಬಹುಮಾನ ಸಿಗುತ್ತಿತ್ತು.

ಬೇಟೆ ನಿಂತರೂ ನಮ್ಮ ಕಾಡುಗಳಲ್ಲಿ ಜಿಂಕೆ ಅಮೆರಿಕದಂತೆ ಉಕ್ಕಿ ಹರಿಯದಿರಲು ನಮ್ಮ ದಯೆ ಕಾರಣವಲ್ಲ. ಒಂದು ಹುಲಿಗೆ ವರ್ಷಕ್ಕೆ ಜಿಂಕೆ ಗಾತ್ರದ ಸುಮಾರು 50 ಪ್ರಾಣಿ ಬೇಕು. ಆ ಹುಲಿ, ಚಿರತೆ, ಕಾಡುನಾಯಿ ಇಲ್ಲದ ಕಡೆ ನಮ್ಮ ಚುಕ್ಕೆ ಜಿಂಕೆಯೇ ಪೀಡೆ. ಬ್ರಿಟಿಷರು ಅಂಡಮಾನಿಗೆ ಒಯ್ದದ್ದು ಅಲ್ಲಿನ ಕಾಡಿನ ಸಸಿಗಳನ್ನು ಮೇಯುತ್ತಿದೆ. 1868ರಲ್ಲಿ ಹವಾಯಿಯ ರಾಜನಿಗೆ ಉಡುಗೊರೆಯಾಗಿ ಹೋದ ಬೆರಳೆಣಿಕೆಯ ಜಿಂಕೆಗಳ ಸಂತತಿಯನ್ನು ಈಗ ಅಲ್ಲಿ ಗುಂಡಿಟ್ಟು ಹತೋಟಿಗೆ ತರಲು ಹೆಣಗುತ್ತಿದ್ದಾರೆ.

ಕಾಡಂಚಿನ ರೈತನಿಗೆ ಈ ಲೆಕ್ಕಾಚಾರ ಬೇಕಿಲ್ಲ. ತೆನೆ ಕಟ್ಟುವ ರಾಗಿಯ ಸುತ್ತ ಹಳೇ ಸೀರೆ ಬಿಗಿದು, ರಾತ್ರಿಯಿಡೀ ಅಟ್ಟಣೆಯಲ್ಲಿ ತಗಡು ಬಡಿಯುತ್ತಾನೆ. ಕಾಯ್ದೆಯ 62ನೇ ಸೆಕ್ಷನ್ ಪ್ರಕಾರ ಕೇಂದ್ರವು ಕೆಲವು ಪ್ರಾಣಿಗಳನ್ನು ಒಂದು ಪ್ರದೇಶಕ್ಕೆ, ಒಂದು ಅವಧಿಗೆ ‘ಪೀಡಕ’ ಎಂದು ಸಾರಿ, ಕೊಲ್ಲಲು ದಾರಿ ಬಿಡಬಹುದು. ಬಿಹಾರದಲ್ಲಿ ಹಾಗೆ ಮಾಡಿ, 2016ರ ಜೂನ್‌ನಲ್ಲಿ ಮೊಕಾಮಾದಲ್ಲಿ ಕೆಲವೇ ದಿನಗಳಲ್ಲಿ 200ಕ್ಕೂ ಹೆಚ್ಚು ನೀಲಗಾಯಿಗಳನ್ನು ಉರುಳಿಸಿದರು. ಕೇಂದ್ರದ ಇಬ್ಬರು ಸಚಿವರೇ ಬಹಿರಂಗವಾಗಿ ಜಗಳಕ್ಕಿಳಿದರು. ನನ್ನ ಮಟ್ಟಿಗೆ ಅದು ನಿಯಂತ್ರಿತ ಬೇಟೆಯೇ ಅಲ್ಲ. ಎಷ್ಟು ಉಳಿಯಬೇಕು ಎಂಬ ಲೆಕ್ಕವಿಲ್ಲದೆ ಹೊಡೆದರೆ ಅದು ಬರೀ ಹೊಡೆತ.

ಇನ್ನು ನಗರದೊಳಗೆ. ನಮ್ಮ ಬೆಂಗಳೂರಿನ ಜಿಂಕೆತಿಮ್ಮನಹಳ್ಳಿಯಲ್ಲಿ ಈಗ ಜಿಂಕೆ ಹೆಸರಲ್ಲಷ್ಟೇ ಇದೆ, ಆ ಚಿಂತೆಯಿಲ್ಲ. ದೆಹಲಿಯ ಹೌಸ್ ಖಾಸ್ ಉದ್ಯಾನದಲ್ಲಿ ಮಾತ್ರ 1960ರ ದಶಕದಲ್ಲಿ ತಂದುಬಿಟ್ಟ ನಾಲ್ಕಾರು ಜಿಂಕೆ ಬೇಲಿಯೊಳಗೇ 600ರ ಹತ್ತಿರಕ್ಕೆ ಬೆಳೆದವು. 2023ರಲ್ಲಿ ಅದರ ಮೃಗಾಲಯ ಮಾನ್ಯತೆ ರದ್ದಾಯಿತು. ಗುಂಡು ಹಾರಿಸುವಂತಿಲ್ಲ, ಕೈಹಾಕಿ ಹಿಡಿದರೆ ಗಾಬರಿಗೇ ಸಾಯುವ ಪ್ರಾಣಿ. ರಾಜಸ್ಥಾನದ ಹುಲಿ ಕಾಡುಗಳಿಗೆ ಸಾಗಿಸಲು ಹೊರಟರು, ವಿವಾದ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಆ ಜಿಂಕೆಗಳು ಹುಟ್ಟಿದಾಗಿನಿಂದ ಹುಲಿಯ ವಾಸನೆಯನ್ನೇ ಕಂಡವಲ್ಲ.